ಮಾನ್ವಿಯ ಶ್ರೀ ಜಗನ್ನಾಥದಾಸರು

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ಶಿವಶರಣರಿಗೂ ಹರಿದಾಸರಿಗೂ ಒಂದೇ ತೆರನಾಗಿ ಮಡಿಲು ನೀಡಿದ ನೆಲವು. ಈ ನೆಲದಲ್ಲಿ ಜನಿಸಿ, ಸಂಸ್ಕೃತವಿದ್ಯೆಯಲ್ಲಿ ಪಾರಂಗತರಾಗಿ, ತರುವಾಯ ಕನ್ನಡದ ಹಾಡಿಗೆ ತಲೆವಾಗಿದವರು ಶ್ರೀ ಜಗನ್ನಾಥದಾಸರು. ಅವರ ಚರಿತ್ರೆಯ ತಿರುಳೆಲ್ಲವೂ ಆ ತಲೆವಾಗುವಿಕೆಯಲ್ಲಿಯೇ ಅಡಗಿರುವದು.

ಮಾನ್ವಿ ಸೀಮೆಯ ಬ್ಯಾಗವಾಟ ಗ್ರಾಮದಲ್ಲಿ ಕ್ರಿ. ಶ. 1728ರ ಸುಮಾರಿಗೆ ಜನಿಸಿದ ಇವರ ಪೂರ್ವನಾಮವು ಶ್ರೀನಿವಾಸಾಚಾರ್ಯರೆಂದು. ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನವನ್ನು ಮಾಡಿ ದೊಡ್ಡ ಪಂಡಿತರೆನಿಸಿದರು. ಆದರೆ ವಿದ್ಯೆಯ ಬೆನ್ನಿಗೆ ಗರ್ವವೂ ಬಂದಿತು. ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ದಾಸರು ಅವರ ಕಣ್ಣಿಗೆ ಅಲ್ಪರಾಗಿ ತೋರಿದರು. ಅದೇ ಸೀಮೆಯ ಚೀಕಲಪರವಿಯ ಶ್ರೀ ವಿಜಯದಾಸರು ಭೋಜನಕ್ಕೆ ಕರೆಯಲು, ಉದರಶೂಲೆಯ ನೆವವನ್ನೊಡ್ಡಿ ತಪ್ಪಿಸಿಕೊಂಡರೆಂತಲೂ, ಹೇಳಿದ ನೆವವೇ ನಿಜವಾಗಿ ಅವರನ್ನು ಕಾಡಿತೆಂತಲೂ ಐತಿಹ್ಯವಿರುವದು. ಔಷಧಗಳು ಫಲಿಸದೆ ಕಡೆಗೆ ವಿಜಯದಾಸರನ್ನೇ ಮರೆಹೊಕ್ಕರು. ಅವರಾದರೋ ತಮ್ಮ ಶಿಷ್ಯರೂ ದೇವದುರ್ಗ ಸೀಮೆಯ ಮೊಸರಕಲ್ಲಿನವರೂ ಆದ ಗೋಪಾಲದಾಸರ ಬಳಿಗೆ ಕಳುಹಿದರು. ಗೋಪಾಲದಾಸರು ತಮಗಿಂತ ಕೆಲವೇ ವರುಷ ಕಿರಿಯರಾದ ಆ ಪಂಡಿತರಿಗೆ ತಮ್ಮ ಆಯುಷ್ಯದ 40 ವರುಷಗಳನ್ನು ಧಾರೆಯೆರೆದು, ರೊಟ್ಟಿಯನ್ನು ಉಣಬಡಿಸಿ ರೋಗವನ್ನು ಕಳೆದರೆಂದು ಭಕ್ತರ ನಂಬುಗೆ. ಆಯುರ್ದಾನದ ಮಾತನ್ನು ನಂಬುವದು ಬಿಡುವದು ವಾಚಕರಿಗೆ ಸೇರಿದ್ದು. ಶಾಸ್ತ್ರಗರ್ವಿತರಾದ ಆಚಾರ್ಯರು ಹಾಡುವ ದಾಸರ ಮುಂದೆ ಕೈಯೊಡ್ಡಿ ಕುಳಿತರೆಂಬುದೇನು ಸಣ್ಣ ಪವಾಡವೆ?

ಬಳಿಕ ಪಂಢರಪುರದಲ್ಲಿ ಜಗನ್ನಾಥವಿಠಲನೆಂಬ ಅಂಕಿತವು ಲಭಿಸಿತು. ಶಾಸ್ತ್ರವನ್ನು ಅವರು ತೊರೆಯಲಿಲ್ಲ. ಅದನ್ನೇ ಕನ್ನಡಕ್ಕೆ ಇಳಿಸಿದರು. ಭಾಮಿನೀಷಟ್ಪದಿಯ ಹರಿಕಥಾಮೃತಸಾರವು 32 ಸಂಧಿಗಳಲ್ಲಿ ಮಧ್ವಸಿದ್ಧಾಂತವನ್ನು ಒಳಗೊಂಡಿರುವದು. ಕನ್ನಡವನ್ನು ಕಡೆಗಣಿಸಿದ್ದವರ ಈ ಕನ್ನಡಗ್ರಂಥಕ್ಕೆ ಮುಂದೆ ಸಂಸ್ಕೃತದಲ್ಲಿ ವ್ಯಾಖ್ಯಾನವು ಹುಟ್ಟಿತು! ತತ್ತ್ವಸುವ್ವಾಲಿಯನ್ನಂತೂ ತ್ರಿಪದಿಯಲ್ಲಿಯೇ ರಚಿಸಿದರು. ಅಕ್ಕಮಹಾದೇವಿಯ ಯೋಗಾಂಗತ್ರಿವಿಧಿಗೂ ಸರ್ವಜ್ಞನ ನುಡಿಗೂ ಒದಗಿದ ಮಟ್ಟವಿದು. ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಲ್ಲಿ ನಲಿದ ಮಟ್ಟವೂ ಹೌದು. ಓದು ಬಾರದವರಿಗೂ ತತ್ತ್ವವು ಕಂಠಪಾಠವಾಗಲೆಂಬ ಕರುಣೆಯು ಇಲ್ಲಿ ಸ್ಪಷ್ಟವಾಗಿರುವದು.

ದಾಸರು ಕ್ರಿ. ಶ. 1809ರ ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ದೇಹವನ್ನಿಟ್ಟರು. ಅವರಿಗೆ ಶಿಷ್ಯರು ಸಲ್ಲಿಸಿದ ಕಾಣಿಕೆಯೂ ಹಾಡೇ ಆಗಿದ್ದಿತು. ಶ್ರೀದವಿಠಲಾಂಕಿತರಾದ ಕರ್ಜಗಿಯ ದಾಸಪ್ಪನವರು ರಚಿಸಿದ ಫಲಶ್ರುತಿಸಂಧಿಯು ಗುರುವಿನ ಗ್ರಂಥದ ಕೊನೆಯಲ್ಲಿ ಸೇರಿ, ಅದರೊಡನೆಯೇ ಪಠಿಸಲ್ಪಡುತ್ತಿರುವದು. ಈಚೆಗೆ ದಾಸರ ಪದಗಳು ಧ್ವನಿಮುದ್ರಿಕೆಗಳಲ್ಲಿಯೂ ಮನೆಮನೆಯನ್ನು ಹೊಕ್ಕಿವೆ. ಮಾನ್ವಿಯ ಅವರ ಮನೆಯ ಕಂಬದಲ್ಲಿ ದಾಸರ ಸನ್ನಿಧಾನವಿರುವದೆಂದು ಜನರು ನಂಬಿರುವರು. ಆರಾಧನೆಯ ದಿನ ಆ ಕಂಬದೆದುರಿನಲ್ಲಿ ಪೂಜೆಯೊಡನೆ ಹಾಡೂ ನಡೆಯುವದು.