ಶಾಪದ ಹೊಲದಲ್ಲಿ ಕಾರಣ ಹುಡುಕಿದವರು

ಮುದಗಲ್ಲಿನ ಸುತ್ತಮುತ್ತ ಕುರಿ ಸಾಕುವ ಮನೆಗಳನ್ನು ನೀವು ಬಲ್ಲಿರಿ. ಸಂಜೆ ಚೆನ್ನಾಗಿದ್ದ ಕುರಿ ಬೆಳಗಾಗುವಷ್ಟರಲ್ಲಿ ಸತ್ತು, ಮೂಗು ಬಾಯಿಗಳಿಂದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗವಿರಬಹುದು.

ಒಂದು ಕಾಲದಲ್ಲಿ ಫ್ರಾನ್ಸಿನ ಕುರಿಗಾರರೂ ಇದೇ ಸಂಕಟ ಉಂಡವರು. ಕೆಲವು ಹೊಲಗಳಿಗೆ ಶಾಪ ತಟ್ಟಿದೆಯೆಂದೇ ಅವರು ನಂಬಿದ್ದರು. ಚರ್ಮ ಹದಮಾಡುವವರ ಮಗನಾಗಿ 1822ರಲ್ಲಿ ಹುಟ್ಟಿದ ಲೂಯಿ ಪಾಶ್ಚರ್ ಪಶುವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತ್ತು. ಆದರೂ ಅವರು ಆ ಹೊಲಗಳಿಗೆ ಹೋದರು. ಸತ್ತ ಕುರಿಗಳನ್ನು ಹೂತ ಮಣ್ಣಿನಲ್ಲೇ ರೋಗಾಣು ವರ್ಷಗಟ್ಟಲೆ ಉಳಿಯುತ್ತದೆಂದು ತೋರಿಸಿದರು.

1881ರ ಮೇ ತಿಂಗಳಲ್ಲಿ ಪೂಯಿ-ಲೆ-ಫೋರ್ ಗ್ರಾಮದಲ್ಲಿ 25 ಕುರಿ-ಆಡುಗಳಿಗೆ ಬಲಗುಂದಿಸಿದ ರೋಗಾಣುವಿನ ಲಸಿಕೆ ಹಾಕಿ, 25ನ್ನು ಹಾಗೆಯೇ ಬಿಟ್ಟರು. ಬಳಿಕ ಎಲ್ಲಕ್ಕೂ ರೋಗಾಣು ಚುಚ್ಚಲಾಯಿತು. ಜೂನ್ 2ರಂದು ಜನ ನೆರೆದು ನೋಡಿದಾಗ ಲಸಿಕೆ ಪಡೆದವೆಲ್ಲ ಬದುಕಿದ್ದವು. ಪಡೆಯದವು ಆ ದಿನ ಮುಗಿಯುವಷ್ಟರಲ್ಲಿ ಸತ್ತುಹೋದವು.

ಪಾಶ್ಚರ್ 1895ರಲ್ಲಿ ತೀರಿಕೊಂಡರು. ಅವರು ತೆರೆದ ದಾರಿಯಲ್ಲೇ ಇಂದು ಬೆಂಗಳೂರಿನ ಹೆಬ್ಬಾಳದಲ್ಲಿ ನೆರಡಿ ಲಸಿಕೆ ತಯಾರಾಗುತ್ತದೆ. ಹೀಗೆ ಸತ್ತ ಕುರಿಯನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ರೋಗ ನಿಮ್ಮ ಮಕ್ಕಳಿಗೂ ತಗಲೀತು. ಪಶು ಆಸ್ಪತ್ರೆಗೆ ತಿಳಿಸಿರಿ. ಕಿವಿಯ ಒಂದು ತೊಟ್ಟು ರಕ್ತ ಸಾಕು, ವೈದ್ಯರು ಕಾರಣ ಹೇಳಿಯಾರು. ಶಾಪವೆಂದು ಕೈಚೆಲ್ಲಿ ಕೂರಬೇಡಿ.