ಸ್ವರಗಳಿಗೆ ಅಕ್ಷರ ಕೊಟ್ಟ ಬಾಬಾ ಹಂಪಾರ್ಸುಮ್

ನಮ್ಮ ಧರ್ಮಕೇಂದ್ರಗಳ ಗಾನವೃಂದದವರು ಸ್ವರಲಿಪಿಯ ಹಾಳೆಯನ್ನು ನೋಡಿ ಹಾಡುವುದು ಇಂದು ಸಾಮಾನ್ಯ ಸಂಗತಿ. ಆದರೆ ಹಾಡನ್ನು ಬರೆದಿಡಲು ದಾರಿಯೇ ಇಲ್ಲದೆ, ಹಿರಿಯ ಹಾಡುಗಾರನೊಬ್ಬ ಕಣ್ಮುಚ್ಚಿದಾಗ ಅವನೊಂದಿಗೆ ನೂರಾರು ಹಾಡುಗಳೂ ಮಣ್ಣು ಸೇರುತ್ತಿದ್ದ ಕಾಲವೊಂದಿತ್ತು. ಆ ನಷ್ಟವನ್ನು ತಡೆದವರಲ್ಲಿ ಒಬ್ಬರು ಇಸ್ತಾಂಬುಲ್ ನಗರದ ಅರ್ಮೇನಿಯನ್ ಕ್ರೈಸ್ತ ಸಂಗೀತಗಾರ ಹಂಪಾರ್ಸುಮ್ ಲಿಮೊಂಜಿಯನ್.

ಇವರು ಹುಟ್ಟಿದ್ದು 1768ರಲ್ಲಿ. ತಂದೆತಾಯಿ ಅನಾತೋಲಿಯದ ಹಾರ್ಪೂತ್ ಊರಿನಿಂದ ವಲಸೆ ಬಂದಿದ್ದ ಬಡವರು. ಮಗನಿಗೆ ಇಟ್ಟ ಹೆಸರಿಗೆ ಅರ್ಮೇನಿಯನ್ ಭಾಷೆಯಲ್ಲಿ ಸ್ವರ್ಗಾರೋಹಣ ಎಂದು ಅರ್ಥ. ಹೆಚ್ಚು ಓದಿಸುವ ಶಕ್ತಿ ಮನೆಯವರಿಗಿರಲಿಲ್ಲ. ಹುಡುಗ ದರ್ಜಿಯ ಬಳಿ ಕೆಲಸ ಕಲಿಯಲು ಸೇರಿದ. ಆದರೆ ಮನಸ್ಸೆಲ್ಲ ಸಂಗೀತದ ಮೇಲೆ. ದೇವಾಲಯದ ಗಾಯಕರಿಂದ ಸ್ತುತಿಗೀತೆಗಳನ್ನು ಕಲಿತು, ಮುಂದೆ ತಾವೇ ದೇವಾಲಯದ ಗಾಯಕರೂ ಸಂಗೀತ ಶಿಕ್ಷಕರೂ ಆದರು.

ಅವರ ಪ್ರತಿಭೆಯನ್ನು ಗುರುತಿಸಿ ಆಸರೆ ನೀಡಿದವರು ಹೊವ್ಹಾನ್ನೆಸ್ ಚೆಲೆಬಿ ದೂಜಿಯನ್. ಸುಲ್ತಾನರ ಟಂಕಸಾಲೆಯನ್ನು ನೋಡಿಕೊಳ್ಳುತ್ತಿದ್ದ ದೂಜಿಯನ್ ಮನೆತನ ಕಥೋಲಿಕರದ್ದು. ಹಂಪಾರ್ಸುಮ್ ಅರ್ಮೇನಿಯನ್ ಅಪೊಸ್ತಲಿಕ ಸಭೆಯವರು. ಆ ದಿನಗಳಲ್ಲಿ ಈ ಎರಡು ಪಂಗಡಗಳ ನಡುವೆ ಕಹಿ ಸಾಕಷ್ಟಿತ್ತು. ಆದರೂ ಆ ಮನೆಯ ಬಾಗಿಲು ಬಡ ದರ್ಜಿಗೆ ತೆರೆದೇ ಇತ್ತು. ಬೊಸ್ಫೊರಸ್ ಜಲಸಂಧಿಯ ದಡದ ಕುರುಚೆಶ್ಮೆಯಲ್ಲಿದ್ದ ಅವರ ಭವನದಲ್ಲಿ ಸಂಗೀತಗಾರರು ಕೂಡುತ್ತಿದ್ದರು. ಅಲ್ಲಿ ಹಂಪಾರ್ಸುಮ್ ಅಭ್ಯಾಸ ಮುಂದುವರಿಸಿದರು. ಮುಸ್ಲಿಂ ಸೂಫಿಗಳಾದ ಮೆವ್ಲೆವಿ ದರ್ವೇಶಿಗಳ ಮಠಕ್ಕೂ ಹೋಗಿ ತುರ್ಕಿ ಶಾಸ್ತ್ರೀಯ ಸಂಗೀತವನ್ನು ಕಲಿತರು.

ಆ ಸಂಗೀತದ ಜೀವಾಳ 'ಮಕಾಮ್' ಎಂಬ ಪದ್ಧತಿ. ನಮ್ಮ ರಾಗಕ್ಕೆ ಹೋಲುವಂಥದ್ದು. ಶಿಷ್ಯನು ಗುರುವಿನ ಎದುರು ಕುಳಿತು, ತೊಡೆಯ ಮೇಲೆ ತಾಳ ತಟ್ಟುತ್ತ ಬಾಯಿಪಾಠ ಮಾಡುವುದೇ ಕಲಿಕೆಯ ಕ್ರಮ. ಸ್ವತಃ ಸಂಗೀತ ರಚಿಸುತ್ತಿದ್ದ ಸುಲ್ತಾನ್ ಮೂರನೇ ಸೆಲೀಮ್ (ಆಳ್ವಿಕೆ 1789-1807) ಸ್ವರಲಿಪಿಯ ಅಗತ್ಯವನ್ನು ಮನಗಂಡಿದ್ದರು. ಅರ್ಮೇನಿಯನ್ ದೇವಾಲಯಗಳಲ್ಲಿ ಕಷ್ಟ ಬೇರೆಯೇ ಆಗಿತ್ತು. 'ಖಾಜ್' ಎಂಬ ಪುರಾತನ ಸಂಜ್ಞೆಗಳು ಹಸ್ತಪ್ರತಿಗಳಲ್ಲಿ ಉಳಿದಿದ್ದವು, ಆದರೆ ಅವುಗಳನ್ನು ಓದುವ ವಿದ್ಯೆ ಮರೆತುಹೋಗಿತ್ತು.

ಹಂಪಾರ್ಸುಮ್ ಆ ಹಳೆಯ ಸಂಜ್ಞೆಗಳಲ್ಲಿ ಏಳನ್ನು ಆರಿಸಿ ಏಳು ಸ್ವರಗಳಿಗೆ ಕೊಟ್ಟರು. ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಮೇಲೆ ಹಾಕುವ ಸಣ್ಣ ಗುರುತುಗಳಿಂದ ತಿಳಿಸಿದರು. ಐದು ಗೆರೆಗಳ ಅಗತ್ಯವಿಲ್ಲ. ಸಾಮಾನ್ಯ ಬರವಣಿಗೆಯಂತೆ ಎಡದಿಂದ ಬಲಕ್ಕೆ ಬರೆದರೆ ಸಾಕು. ಸುಮಾರು 1813-15ರಲ್ಲಿ ರೂಪುಗೊಂಡ ಈ ಕೆಲಸದಲ್ಲಿ ಅವರೊಂದಿಗೆ ಶ್ರಮಿಸಿದವರು ವೆನಿಸ್ಸಿನ ಮೆಖಿತಾರಿಸ್ಟ್ ಮಠದ ಕಥೋಲಿಕ ಗುರು ಮಿನಾಸ್ ಬಿಜಿಶ್ಕಿಯನ್.

ಸಂತೋಷ ಬಹುಕಾಲ ನಿಲ್ಲಲಿಲ್ಲ. 1819ರಲ್ಲಿ ಟಂಕಸಾಲೆಯ ಹಣದ ಆರೋಪ ಹೊರಿಸಿ ದೂಜಿಯನ್ ಮನೆತನದ ಹಲವರಿಗೆ ಮರಣದಂಡನೆ ವಿಧಿಸಲಾಯಿತು. ಆಸರೆಯ ಮನೆ ಮುರಿದುಬಿದ್ದರೂ ಹಂಪಾರ್ಸುಮರ ವಿದ್ಯೆ ಶಿಷ್ಯರ ಕೈಯಲ್ಲಿ ಬೆಳೆಯಿತು. ಜನ ಅವರನ್ನು ಪ್ರೀತಿಯಿಂದ ಬಾಬಾ, ಅಂದರೆ ಅಪ್ಪ, ಎಂದು ಕರೆದರು. ಅವರ ಮಗ ಜೆನೊಪ್ ಹೆಸರಾಂತ ನೇಯ್ ಕೊಳಲು ವಾದಕರಾದರು. ಹಂಪಾರ್ಸುಮ್ 1839ರಲ್ಲಿ ಇಸ್ತಾಂಬುಲ್‌ನಲ್ಲಿ ನಿಧನರಾದರು.

ಅವರು ಬಿತ್ತಿದ ಬೀಜದ ಫಲ ಸಿಕ್ಕಿದ್ದು ನಂತರದ ತಲೆಮಾರುಗಳಿಗೆ. ಅವರ ಶಿಷ್ಯಪರಂಪರೆಯ ನಿಕೊಘಾಯೊಸ್ ತಾಶ್ಜಿಯನ್ 1870ರ ದಶಕದಲ್ಲಿ ಎಚ್ಮಿಯಾಜಿನ್ ಪೀಠದಲ್ಲಿ ಅರ್ಮೇನಿಯನ್ ಬಲಿಪೂಜೆಯ ಗೀತೆಗಳನ್ನೂ ಸ್ತುತಿಗೀತೆಗಳನ್ನೂ ಇದೇ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಮುಂದೆ ಗುರು ಕೊಮಿತಾಸ್ (1869-1935) ಹಳ್ಳಿಹಳ್ಳಿ ತಿರುಗಿ ಜನಪದ ಹಾಡುಗಳನ್ನು ಇದರಲ್ಲೇ ಬರೆದುಕೊಂಡರು. 1915ರ ನರಮೇಧದಲ್ಲಿ ಎಷ್ಟೋ ಊರುಗಳು ಬರಿದಾದವು. ಬರೆದಿಟ್ಟ ಹಾಡುಗಳು ಉಳಿದವು.

ಅತ್ತ ತುರ್ಕಿ ಸಂಗೀತಗಾರರೂ ಸುಮಾರು ನೂರು ವರ್ಷ ಈ ಲಿಪಿಯನ್ನು ಬಳಸಿದರು. ಮುಸ್ಲಿಂ ವಿದ್ವಾಂಸರ ಅನೇಕ ರಚನೆಗಳು ನಮ್ಮ ಕಾಲದವರೆಗೆ ಬಂದಿರುವುದು ಈ ಕ್ರೈಸ್ತ ಗಾಯಕನ ಅಕ್ಷರಗಳಿಂದಾಗಿ. ಆ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸುವ ದೊಡ್ಡ ಯೋಜನೆಯೊಂದು 2015ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು.

ಬಡತನದಲ್ಲಿ ಹುಟ್ಟಿದ ಒಬ್ಬ ದರ್ಜಿ, ಕಥೋಲಿಕರ ಆಸರೆ ಮತ್ತು ದರ್ವೇಶಿಗಳ ಪಾಠ ಎರಡನ್ನೂ ಕೃತಜ್ಞತೆಯಿಂದ ಸ್ವೀಕರಿಸಿ, ದೇವರು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಡದೆ ಎಲ್ಲರಿಗೂ ಹಂಚಿದರು. ನಮ್ಮ ಧರ್ಮಕೇಂದ್ರಗಳಲ್ಲೂ ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಹಳೆಯ ಹಾಡುಗಳಿದ್ದರೆ, ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಬಾಬಾ ಹಂಪಾರ್ಸುಮರಿಗೆ ನಾವು ಸಲ್ಲಿಸಬಹುದಾದ ಗೌರವ.