ಕಿಟೆಲ್ ಸಾಹೇಬರು ಮತ್ತು ನಮ್ಮ ಉಳ್ಳಾಗಡ್ಡಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಚರಿತ್ರೆ ಬರೆಯಬೇಕೆಂದು ಗುರುಗಳು ನನಗೆ ಹೇಳಿದರು. ಹೋದ ಸಲ ನರಗುಂದದ ಬಾಬಾಸಾಹೇಬರ ಬಗ್ಗೆ ಬಂದಿತ್ತು. ಅದನ್ನು ಎಲ್ಲರೂ ಓದೀರಿ. ಈ ಸಲ ಕತ್ತಿ ಹಿಡಿಯದ ಒಬ್ಬರ ಬಗ್ಗೆ ಬರೆಯುತ್ತೇನೆ. ಅವರು ನಮ್ಮ ಊರವರಲ್ಲ, ನಮ್ಮ ದೇಶದವರೂ ಅಲ್ಲ. ಅವರ ಹೆಸರು ಫರ್ಡಿನೆಂಡ್ ಕಿಟೆಲ್. ಅವರ ಬಗ್ಗೆ ಯಾಕ ಬರೆಯಬೇಕು ಅನ್ನಿಸಿತು ಎಂಬುದನ್ನು ಮೊದಲು ಹೇಳಬೇಕು. ಅದಕ್ಕೆ ಕಾರಣ ಉಳ್ಳಾಗಡ್ಡಿ.

ನಾನು ಒಂದು ಪ್ರಬಂಧ ಸ್ಪರ್ಧೆಗೆ ಹೋಗಿದ್ದೆ. ನಮ್ಮೂರ ಸಂತೆ ಎಂಬ ವಿಷಯ ಕೊಟ್ಟಿದ್ದರು. ನನಗೆ ಗೊತ್ತಿದ್ದ ವಿಷಯ, ಖುಷಿಯಿಂದ ನಾಲ್ಕು ಪುಟ ಬರೆದೆ. ಉಳ್ಳಾಗಡ್ಡಿ ಚೀಲ, ಶೇಂಗಾದ ರಾಶಿ, ಗಂಗಾಳ ಮತ್ತು ಚರಿಗಿ ಮಾರುವವರು, ಗಜೇಂದ್ರಗಡದ ಸೀರೆ, ಎಲ್ಲಾ ಬರೆದಿದ್ದೆ. ಕಾಗದ ತಿರುಗಿ ಬಂದಾಗ ನೋಡಿದರೆ ತುಂಬ ಕೆಂಪು ಗೆರೆ! ಉಳ್ಳಾಗಡ್ಡಿ ಹೊಡೆದು ಈರುಳ್ಳಿ ಅಂತ ಬರೆದಿದ್ದರು. ಶೇಂಗಾ ಹೊಡೆದು ಕಡಲೆಕಾಯಿ. ಗಂಗಾಳ ಹೊಡೆದು ತಟ್ಟೆ. ಕೆಳಗ ಭಾಷೆ ಅಶುದ್ಧ ಅಂತ ಷರಾ. ನನಗೆ ಬಹುಮಾನ ಬರಲಿಲ್ಲ. ಬಹುಮಾನದ್ದು ಹೋಗಲಿ ಬಿಡ್ರಿ. ಮನೆಗೆ ಬಂದಾಗ ನಮ್ಮ ಆಯಿ ಅಂಗಳದಾಗ ಕುಂತು ಉಳ್ಳಾಗಡ್ಡಿ ಹೆಚ್ಚಾಕಿ ಹತ್ತಿದ್ದಳು. ಹಾಗಾದರೆ ನಮ್ಮ ಆಯಿ ಜೀವನಪೂರ್ತಿ ತಪ್ಪು ಮಾತಾಡಿದಳೇನು? ಅವತ್ತು ನಾನು ಆಯಿಗೆ ಕಾಗದ ತೋರಿಸಲಿಲ್ಲ. ಆಕಿಗೆ ಓದಲು ಬರುವುದಿಲ್ಲ ನಿಜ, ಆದರೂ ತೋರಿಸಲು ನಾಚಿಕೆಯಾಯಿತು.

ಮರುದಿನ ವರ್ಗದಾಗ ದೊಡ್ಡ ವಾದ ನಡೆಯಿತು. ಅರ್ಧ ಮಂದಿ ಪುಸ್ತಕದಾಗ ಇದ್ದದ್ದೇ ಸರಿ ಅಂದರು. ಇನ್ನರ್ಧ ಮಂದಿ ನನ್ನ ಕಡೆ. ಕಡಲೆಕಾಯಿ ಎಂದರೆ ಕಡ್ಲಿ ಗಿಡದ ಕಾಯಿ ಅಲ್ಲವೇ, ಅದು ಶೇಂಗಾ ಹೆಂಗಾದೀತು ಅಂತ ಹಿಂದಿನ ಬೆಂಚಿನವರು ಕೇಳಿದರು. ನಮ್ಮ ಕಡೆ ಎರಡೂ ಬೆಳೆಯುತ್ತಾರೆ, ಎರಡಕ್ಕೂ ಒಂದೇ ಹೆಸರಿಟ್ಟರೆ ಬಿತ್ತುವವರ ಗತಿ ಏನು! ಕನ್ನಡದ ಗುರುಗಳು ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ. ಒಂದು ವಾರ ಕಳೆದ ಮ್ಯಾಲ ಅವರ ಗೆಳೆಯರ ಮನೆಯಿಂದ ಒಂದು ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಅದನ್ನು ಎತ್ತಲು ನನಗೆ ಎರಡೂ ಕೈ ಬೇಕಾದವು. ಅದೇ ಕಿಟೆಲ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು. 1700ಕ್ಕಿಂತ ಹೆಚ್ಚು ಪುಟ, ಸುಮಾರು 70,000 ಶಬ್ದ.

ಕಿಟೆಲ್ ಅವರು 1832ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರದ ತುದಿಗೆ ಇರುವ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆ ಸೀಮೆಗೆ ಪೂರ್ವ ಫ್ರೀಸ್‌ಲ್ಯಾಂಡ್ ಎನ್ನುತ್ತಾರೆ, ಸಮುದ್ರದ ದಂಡಿ. ಒಂದು ಸೋಜಿಗ ನೋಡಿರಿ, ಅದೇ 1832ರಲ್ಲೇ ವಿಲಿಯಂ ರೀವ್ ಎಂಬ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಯಿತು. ಆ ಪುಸ್ತಕವನ್ನು ಹಿಂದೆ ಹಾಕುವ ಕೂಸು ಅದೇ ವರ್ಷ ದೂರದ ದೇಶದಲ್ಲಿ ತೊಟ್ಟಿಲಿನಲ್ಲಿತ್ತು!

ಅವರ ತಂದೆ ಪಾದ್ರಿ. ಮಗ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್, ಹೀಬ್ರೂ ಮುಂತಾದ ಭಾಷೆ ಕಲಿತ. ಆಮೇಲೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಮಿಷನ್ ಸೇರಿದ. ಈ ಬಾಸೆಲ್ ಮಿಷನ್ನಿನವರು 1834ರಲ್ಲಿಯೇ ಮಂಗಳೂರಿಗೆ ಬಂದಿದ್ದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ತೆಗೆದ ಮೋಗ್ಲಿಂಗ್ ಸಾಹೇಬರೂ ಅದೇ ಮಿಷನ್ನಿನವರು. ಧಾರವಾಡ, ಹುಬ್ಬಳ್ಳಿ ಮತ್ತು ನಮ್ಮ ಗದಗಿನ ಪಕ್ಕದ ಬೆಟಗೇರಿಯಲ್ಲೂ ಅವರ ಠಾಣೆ ಇತ್ತು. ಕಿಟೆಲ್ ಅವರು 1853ರಲ್ಲಿ ಹಡಗಿನಿಂದ ಬಂದು ಇಳಿದಾಗ ಅವರಿಗೆ 21 ವರ್ಷ. ಅವರು ಬಂದ ಐದನೇ ವರ್ಷಕ್ಕೆ, 1858ರಲ್ಲಿ, ನಮ್ಮ ನರಗುಂದದ ಬಂಡಾಯ ಆಯಿತು.

ಧರ್ಮ ಪ್ರಚಾರಕ್ಕೆ ಬಂದವರು ಅವರು. ಇದನ್ನು ಮುಚ್ಚಿಡುವುದು ಬೇಡ. ಆದರೆ ಬಂದ ಮೇಲೆ ಅವರ ಮನಸ್ಸು ಕನ್ನಡದ ಕಡೆ ವಾಲಿತು. ಜನರ ಜೋಡಿ ಬೆರೆಯುತ್ತಿದ್ದರು, ಹಳ್ಳಿ ಹಳ್ಳಿಗೆ ಕಾಲ್ನಡಿಗೆಯಿಂದ ಹೋಗುತ್ತಿದ್ದರು, ಪಂಡಿತರ ಹತ್ತಿರ ಕುಳಿತು ಹಳಗನ್ನಡ ಓದುತ್ತಿದ್ದರು. ಮಿಷನ್ನಿನ ದೊಡ್ಡವರಿಗೆ ಇದು ಅಷ್ಟು ರುಚಿಸಲಿಲ್ಲ. ಕಳಿಸಿದ ಕೆಲಸ ಬಿಟ್ಟು ಭಾಷೆಯ ಹಿಂದೆ ಬಿದ್ದಾನ ಅಂತ ಅವರಿಗೆ ಬೇಸರ. 1862ರಲ್ಲಿ ಕಿಟೆಲ್ ಕಥಾಮಾಲೆ ಎಂಬ ಪುಸ್ತಕ ಬರೆದರು. ಅದು ಏಸುವಿನ ಕಥೆ, ಆದರೆ ನಮ್ಮ ಕನ್ನಡದ ಛಂದಸ್ಸಿನಲ್ಲಿ ಬರೆದದ್ದು.

ಅವರ ಸಂಸಾರದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೊದಲ ಹೆಂಡತಿ ಪೌಲೀನಾ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಆಕೆಯ ಒಡಹುಟ್ಟಿದ ಜೂಲಿ ಎಂಬುವರನ್ನು ಮದುವೆಯಾದರು. ನಮ್ಮ ಕಡೆಯೂ ಹಿಂಗ ಆಗುತ್ತದೆ, ಅದಕ್ಕೆ ನನಗೆ ಇದು ದೂರದ ದೇಶದ ಸುದ್ದಿ ಅನ್ನಿಸಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 13ನೇ ಶತಮಾನದಲ್ಲಿ ಕೇಶಿರಾಜ ಎಂಬ ಪಂಡಿತ ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣ ಬರೆದಿದ್ದ. ಯಾವ ಮಾತು ಸಾಧು, ಯಾವುದು ಅಸಾಧು, ಎಲ್ಲಿ ಯಾವ ಅಕ್ಷರ ಬರಬೇಕು ಎಂಬುದೆಲ್ಲಾ ಅದರಲ್ಲಿದೆ. ಅಂದರೆ ಈ ಸರಿ ತಪ್ಪಿನ ಜಗಳ ನಮ್ಮ ವರ್ಗದಾಗ ಹುಟ್ಟಿದ್ದಲ್ಲ, 700 ವರ್ಷಕ್ಕಿಂತ ಹಳೆಯದು. ಅದಕ್ಕೂ ಮೊದಲೇ, 12ನೇ ಶತಮಾನದ ಆರಂಭದಲ್ಲಿ, ನಮ್ಮ ಜಿಲ್ಲೆಯ ಮುಳಗುಂದದ ಕವಿ ನಯಸೇನ ಕನ್ನಡದಲ್ಲಿ ಬರೆಯುತ್ತೇನೆಂದು ಹೇಳಿ ಸಂಸ್ಕೃತ ತುಂಬುವವರ ಮೇಲೆ ಸಿಟ್ಟಾಗಿದ್ದ. ಮುಳಗುಂದ ಇಲ್ಲೇ ಹತ್ತಿರ ಅಲ್ಲವೇ!

ಕಿಟೆಲ್ ಅವರು ಶಬ್ದಮಣಿದರ್ಪಣವನ್ನು ಓಲೆಗರಿಗಳಿಂದ ತೆಗೆದು ತಿದ್ದಿ 1872ರಲ್ಲಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿ ಬಂತು. ಓಲೆಗರಿ ಎಂದರೆ ಸುಮ್ಮನೆ ಅಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಬರೆಯುವಾಗ ಅಕ್ಷರ ಬದಲಾಗುತ್ತವೆ. ಒಂದು ಗರಿಯಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ. ಯಾವುದು ನಿಜವಾದದ್ದು ಎಂದು ಹೋಲಿಸಿ ಹೋಲಿಸಿ ನೋಡಬೇಕು. ನಮಗೆ ಕಾಪಿ ಬರೆಯಲು ಕೊಟ್ಟಾಗಲೂ ಹಿಂಗೇ ಆಗುತ್ತದಲ್ಲ.

ಹಳಗನ್ನಡದಲ್ಲಿ ನಮಗೆ ಗೊತ್ತಿಲ್ಲದ ಎರಡು ಅಕ್ಷರ ಇದ್ದವು. ಗುರುಗಳು ಬೋರ್ಡಿನ ಮೇಲೆ ಬರೆದು ತೋರಿಸಿದರು. ಒಂದು ಱ, ಇನ್ನೊಂದು ೞ. ನಾವು ಮಳೆ, ಕೋಳಿ, ಏಳು ಎಂದು ಳ ಹಾಕಿ ಬರೆಯುತ್ತೇವೆ. ಹಿಂದಿನವರು ಇವುಗಳಲ್ಲಿ ೞ ಬರೆಯುತ್ತಿದ್ದರು. ಹಳ್ಳಿ ಎಂಬುದರಲ್ಲಿ ಮಾತ್ರ ಳ ಇತ್ತು. ಯಾವ ಶಬ್ದಕ್ಕೆ ಯಾವುದು ಎಂದು ಕೇಶಿರಾಜನೇ ಪಟ್ಟಿ ಕೊಟ್ಟಿದ್ದಾನೆ. ಅವನ ಕಾಲಕ್ಕೇ ಜನ ಎರಡನ್ನೂ ಒಂದೇ ತರಹ ನುಡಿಯಲು ಹತ್ತಿರಬೇಕು, ಇಲ್ಲದಿದ್ದರೆ ಪಟ್ಟಿ ಯಾಕ ಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಹಾಗೆಯೇ ಪಾಲು ಹೋಗಿ ಹಾಲು ಆಯಿತು, ಪುಲಿ ಹೋಗಿ ಹುಲಿ ಆಯಿತು. ಅಂದರೆ ಕೆಂಪು ಗೆರೆ ಹೊಡೆಯುವವರು ಕೇಶಿರಾಜನ ಕಾಲದವರಾಗಿದ್ದರೆ ಅವರು ಬರೆದ ಕನ್ನಡಕ್ಕೂ ಗೆರೆ ಬೀಳುತ್ತಿತ್ತು.

ಆ ಕಾಲದಲ್ಲಿ ಪಂಡಿತರ ನಡುವೆ ಇನ್ನೊಂದು ದೊಡ್ಡ ವಾದ ಇತ್ತು. ಕನ್ನಡ ಸಂಸ್ಕೃತದಿಂದ ಹುಟ್ಟಿದ್ದು ಎಂದು ಬಹಳ ಮಂದಿ ನಂಬಿದ್ದರು. 1856ರಲ್ಲಿ ಕಾಲ್ಡ್‌ವೆಲ್ ಎಂಬುವರು ತಮಿಳು, ತೆಲುಗು, ಕನ್ನಡ, ಮಲಯಾಳಂ ಇವೆಲ್ಲಾ ಅಕ್ಕ ತಂಗಿಯರು, ಇವುಗಳದ್ದು ಬೇರೆಯೇ ಮನೆತನ ಎಂದು ತೋರಿಸಿದರು. ಕಿಟೆಲ್ ಅವರು ಇನ್ನೂ ಮುಂದೆ ಹೋಗಿ, ಸಂಸ್ಕೃತದ ಕೋಶಗಳಲ್ಲಿ ಇರುವ ಎಷ್ಟೋ ಶಬ್ದ ನಮ್ಮ ಭಾಷೆಗಳಿಂದಲೇ ಹೋದವು ಎಂದು 1872ರಲ್ಲೇ ಲೇಖನ ಬರೆದರು. ಸಾಲ ಕೊಟ್ಟವರು ಯಾರು, ತೊಗೊಂಡವರು ಯಾರು ಎಂಬ ಲೆಕ್ಕವನ್ನೇ ತಿರುಗಿಸಿ ಹಾಕಿದರು. ಅವರು ಹೇಳಿದ್ದನ್ನೆಲ್ಲಾ ಮುಂದಿನ ವಿದ್ವಾಂಸರು ಒಪ್ಪಿಲ್ಲ, ಕೆಲವನ್ನು ಬಿಟ್ಟಿದ್ದಾರೆ. ಆದರೆ ನೀರು, ಮೀನು ಇಂಥವು ದ್ರಾವಿಡ ಮಾತುಗಳೇ ಎಂದು ಬಹಳ ಮಂದಿ ಒಪ್ಪುತ್ತಾರೆ.

ನಿಘಂಟಿನ ಕೆಲಸಕ್ಕೆ ಸುಮಾರು 20 ವರ್ಷ ಹಿಡಿಯಿತು. ಮಂಗಳೂರು, ಮಡಿಕೇರಿ, ಧಾರವಾಡ ಸೀಮೆ ಎಲ್ಲಾ ತಿರುಗಿದರು. ನಡುವೆ ಜರ್ಮನಿಗೆ ಹೋದರು. ಅಲ್ಲಿ ಕೂತರೆ ಕೆಲಸ ಮುಗಿಯುವುದಿಲ್ಲ ಎಂದು, ವಯಸ್ಸು ಐವತ್ತು ದಾಟಿದ ಮೇಲೂ, ಮತ್ತೆ ಹಡಗು ಹತ್ತಿ ಬಂದರು. ಮಾತು ಆಡುವವರು ಇಲ್ಲಿ ಇದ್ದಾರೆ, ಅರ್ಥ ಕೇಳಬೇಕಾದರೆ ಅವರನ್ನೇ ಕೇಳಬೇಕಲ್ಲ. ಕಡೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಛಾಪಖಾನೆಯಲ್ಲಿ ನಿಘಂಟು ಹೊರಗೆ ಬಂತು. ಜರ್ಮನ್ ಮಾತಾಡುವ ಮನುಷ್ಯ, ಕನ್ನಡದ ಶಬ್ದಕ್ಕೆ, ಇಂಗ್ಲಿಷಿನಲ್ಲಿ ಅರ್ಥ ಬರೆದದ್ದು! ಎರಡೂ ಅವರ ತಾಯಿನುಡಿ ಅಲ್ಲ. ನಮಗೆ ಒಂದು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಲು ಹೇಳಿದರೆ ಹೊಟ್ಟೆನೋವು ಬರುತ್ತದೆ.

ಅದೇ ಸುಮಾರಿನಲ್ಲಿ ಇಂಗ್ಲೆಂಡಿನಲ್ಲೂ ಆಕ್ಸ್‌ಫರ್ಡ್ ನಿಘಂಟಿನ ಕೆಲಸ ನಡೆದಿತ್ತು. ಮೊದಲ ಭಾಗ 1884ರಲ್ಲಿ ಬಂತು, ಪೂರಾ ಆಗಿದ್ದು 1928ರಲ್ಲಿ. ಅದರ ಸಂಪಾದಕ ಮರ್ರೆ ಅವರು 1915ರಲ್ಲೇ ತೀರಿಹೋಗಿದ್ದರು, ಮುಗಿದದ್ದನ್ನು ನೋಡಲಿಲ್ಲ. ಅವರಿಗೆ ಸಾವಿರಾರು ಮಂದಿ ಓದುಗರು ಚೀಟಿ ಬರೆದು ಕಳಿಸುತ್ತಿದ್ದರಂತೆ. ಇಂಗ್ಲಿಷಿನವರಲ್ಲೂ ನಮ್ಮ ಹಂಗೇ ಜಗಳ ಇವೆ. ಕಲರ್ ಎಂಬ ಶಬ್ದಕ್ಕೆ ಇಂಗ್ಲೆಂಡಿನವರು ಯು ಹಾಕುತ್ತಾರೆ, ಅಮೆರಿಕದವರು ಹಾಕುವುದಿಲ್ಲ. ಅಲ್ಲಿಯ ವೆಬ್‌ಸ್ಟರ್ ಎಂಬುವರು 1828ರ ತಮ್ಮ ನಿಘಂಟಿನಲ್ಲಿ ಅದನ್ನು ಕಿತ್ತುಹಾಕಿದರು. ಆದರೆ ಅಮೆರಿಕದವರಿಗೆ ಯಾರೂ ನಿಮ್ಮ ಭಾಷೆ ಅಶುದ್ಧ ಅಂತ ಷರಾ ಬರೆದು ಬಹುಮಾನ ತಪ್ಪಿಸುವುದಿಲ್ಲ. ದೊಡ್ಡ ದೇಶ ಅಲ್ಲವೇ.

ಈಗ ಮೇಜಿನ ಮೇಲಿನ ಪುಸ್ತಕದ ಕಥೆ. ಗುರುಗಳು ನನ್ನನ್ನೇ ಕರೆದು ಹುಡುಕಲು ಹೇಳಿದರು. ಉ ಅಕ್ಷರ ತೆಗೆದು ಬೆರಳಿಟ್ಟು ಕೆಳಗೆ ಕೆಳಗೆ ಹೋದೆ. ಎಲ್ಲರೂ ಮೇಜಿನ ಸುತ್ತ ಮುಕುರಿದ್ದರು. ಸಿಕ್ಕಿತು, ಉಳ್ಳಿ! ಅರ್ಥ ಇಂಗ್ಲಿಷಿನಲ್ಲಿ ಇತ್ತು, ಒಂದೊಂದೇ ಅಕ್ಷರ ಕೂಡಿಸಿ ಆನಿಯನ್ ಎಂದು ಓದಿದೆ. ಬೆಳ್ಳುಳ್ಳಿಗೂ ಇದೇ ಮಾತು ನಡೆಯುತ್ತದೆ. ಆಗ ನನಗೆ ತಟ್ಟನೆ ಹೊಳೆಯಿತು. ಬಿಳೀ ಉಳ್ಳಿ ಬೆಳ್ಳುಳ್ಳಿ. ಮಂಗಳೂರ ಕಡೆಯವರದು ನೀರುಳ್ಳಿ. ಮೈಸೂರ ಕಡೆಯವರದು ಈರುಳ್ಳಿ. ನಮ್ಮದು ಉಳ್ಳಿಯ ಗಡ್ಡೆ, ಅದಕ್ಕೆ ಉಳ್ಳಾಗಡ್ಡಿ. ಎಲ್ಲದರ ಹೊಟ್ಟೆಯೊಳಗೂ ಒಂದೇ ಉಳ್ಳಿ ಕುಂತೈತಿ! ನಮ್ಮದರಾಗಂತೂ ಅದು ಎಲ್ಲರಿಗಿಂತ ಮುಂದೆ, ಮೊದಲಿಗೇ ಕುಂತೈತಿ. ಹಿಂದಿನ ಬೆಂಚಿನವರು ಚಪ್ಪಾಳೆ ಹೊಡೆದರು.

ಗುರುಗಳು ಇನ್ನೊಂದು ತೋರಿಸಿದರು. ನಿಘಂಟಿನಲ್ಲಿ ಹಲವು ಶಬ್ದಗಳ ಮುಂದೆ ಸಣ್ಣ ಗುರುತು ಇವೆ. ಮೈಸೂರಿನ ಮಾತಾದರೆ ಎಂ, ವೈ ಎಂಬ ಅಕ್ಷರ. ದಕ್ಷಿಣ ಮಹಾರಾಷ್ಟ್ರ ಸೀಮೆಯ ಮಾತಾದರೆ ಬೇರೆ ಗುರುತು. ದಕ್ಷಿಣ ಮಹಾರಾಷ್ಟ್ರ ಎಂದರೆ ಎಲ್ಲೋ ಅಲ್ಲ, ನಾವೇ! ಆಗ ರೋಣ, ನರಗುಂದ, ಗಜೇಂದ್ರಗಡ ಎಲ್ಲಾ ಧಾರವಾಡ ಜಿಲ್ಲೆಯಲ್ಲಿದ್ದವು, ಮುಂಬಯಿ ಸರಕಾರದ ಕೆಳಗೆ. ನಮ್ಮ ಗದಗ ಜಿಲ್ಲೆ ಆದದ್ದು 1997ರಲ್ಲಿ. ಸಾಹೇಬರ ಸರಕಾರ ನಮ್ಮ ನೆಲಕ್ಕೆ ಮರಾಠರ ಹೆಸರಿಟ್ಟಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಇಲ್ಲಿ ಕನ್ನಡ ಶಾಲೆ ಆಗಬೇಕೆಂದು ಹೆಣಗಿದ್ದು ಅದೇ ಕಾಲದಲ್ಲಿ. ಹೆಸರು ಏನೇ ಇರಲಿ, ಕಿಟೆಲ್ ಅವರು ನಮ್ಮ ಸೀಮೆಯ ಮಾತನ್ನು ಹೊಡೆದು ಹಾಕಲಿಲ್ಲ. ಇದು ಇಲ್ಲಿಯದು, ಅದು ಅಲ್ಲಿಯದು ಎಂದು ಗುರುತು ಹಾಕಿ ಎರಡನ್ನೂ ಇಟ್ಟುಕೊಂಡರು. ಪಂಪನ ಕಾಲದ ಮಾತು ಇರುವ ಪುಟದಲ್ಲೇ ಸಂತೆಯ ಮಾತೂ ಐತಿ, ಗಾದೆಯೂ ಐತಿ. ಆ ಗಾದೆ ಓದಿ ನಾವು ಬಹಳ ನಕ್ಕೆವು. ಕೆಲವು ನಮ್ಮ ಆಯಿ ಬಯ್ಯುವಾಗ ಹೇಳುವ ಗಾದೆಗಳೇ.

ಆದರೆ ನಮ್ಮ ವರ್ಗದ ಜಾಣ ಹುಡುಗನೊಬ್ಬ ಸುಮ್ಮನೆ ಕೂಡಲಿಲ್ಲ. ಎಲ್ಲಾ ಸರಿ ಅಂದರೆ ತಪ್ಪು ಎಂಬುದೇ ಇಲ್ಲವೇ, ಮತ್ತ ವ್ಯಾಕರಣದ ತಾಸು ಯಾಕ ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ನನಗೂ ಉತ್ತರ ಹೊಳೆಯಲಿಲ್ಲ. ಗುರುಗಳು ಹೇಳಿದ್ದು ಇಷ್ಟು: ಕಿಟೆಲ್ ಅವರೇ ವ್ಯಾಕರಣವನ್ನೂ ಬರೆದಿದ್ದಾರೆ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರಕ್ಕೂ ಸೇರಿಸಿ. ಅದು 1903ರಲ್ಲಿ ಬಂತು. ಎತ್ತು ಬಂದಳು ಎಂದರೆ ಯಾವ ಸೀಮೆಯಲ್ಲೂ ತಪ್ಪೇ, ಉಳ್ಳಾಗಡ್ಡಿ ಎಂದರೆ ತಪ್ಪಲ್ಲ. ಆ ಹುಡುಗ ತಲೆ ಆಡಿಸಿದ, ಪೂರಾ ಒಪ್ಪಿದ ಹಾಗೆ ಕಾಣಲಿಲ್ಲ. ದೊಡ್ಡ ಪರೀಕ್ಷೆಯಲ್ಲಿ ಮಾರ್ಕು ಹೋದರೆ ಕಿಟೆಲ್ ಬಂದು ಕೊಡುತ್ತಾರೇನು ಅಂತ ಹೊರಗೆ ಬಂದ ಮೇಲೆ ನನಗೆ ಕೇಳಿದ.

ಕಿಟೆಲ್ ಅವರಿಗೆ 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಗೌರವ ಕೊಟ್ಟಿತು. ವ್ಯಾಕರಣ ಅಚ್ಚಾದ ಆ 1903ರ ಡಿಸೆಂಬರಿನಲ್ಲೇ ಅವರು ಅದೇ ಊರಿನಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಮದ್ರಾಸ್ ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರಿಂದ ಆ ನಿಘಂಟನ್ನು ತಿದ್ದಿಸಿ ಮತ್ತೆ ಅಚ್ಚು ಹಾಕಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ ಪೂರಾ ಆಯಿತು, ಅದಕ್ಕೆ ಹಲವಾರು ಮಂದಿ ಪಂಡಿತರು ದುಡಿದರು.

ಆ ದಿನ ಸಂಜೆ ಆಯಿಗೆ ಕಾಗದ ತೋರಿಸಿ ಎಲ್ಲಾ ಹೇಳಿದೆ. ಆಕಿ ಪೂರಾ ಕೇಳಿ, ಆ ಸಾಹೇಬ ಉಳ್ಳಾಗಡ್ಡಿ ತಿಂತಿದ್ದನೇನು ಅಂತ ಕೇಳಿದಳು. ಇದಕ್ಕೆ ಉತ್ತರ ನಿಘಂಟಿನಲ್ಲಿ ಇರಲಿಲ್ಲ.

ಗೆಳೆಯರೇ, ಕಪಾಟಿನ ಮೇಲೆ ಒಂದು ಡಬ್ಬಿ ಇಟ್ಟಿದ್ದೇವೆ. ನಿಮ್ಮ ಆಯಿ, ಮುತ್ಯಾ ಆಡುವ, ಪುಸ್ತಕದಲ್ಲಿ ಕಾಣದ ಮಾತು ಒಂದೊಂದನ್ನು ಅರ್ಥದ ಜೋಡಿ ಚೀಟಿಯಲ್ಲಿ ಬರೆದು ಶನಿವಾರದೊಳಗ ಹಾಕಿರಿ. ಚೀಟಿಯ ಮೇಲೆ ಯಾರ ಬಾಯಿಂದ, ಯಾವ ಊರಲ್ಲಿ ಕೇಳಿದ್ದು ಎಂಬುದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲಾ ಹಾಕುತ್ತೇವೆ. ಈಗಾಗಲೇ 11 ಚೀಟಿ ಬಂದಿವೆ, ಅದರಾಗ ಮೂರು ಬೈಗುಳ. ಅವನ್ನು ಏನು ಮಾಡಬೇಕು ಅಂತ ಗುರುಗಳನ್ನು ಕೇಳಬೇಕು.

7ನೇ ತರಗತಿ